ಮೂವತ್ತೊಂದು ಕೆಂಪು ಬಟನ್

ಟ್ರಂಕಿನ ಕೀಲಿ ರೇವವ್ವನ ಸೊಂಟದಲ್ಲೇ ಇತ್ತು. ಟ್ರಂಕು ಬಚ್ಚಲಿನಿಂದ ಆರು ಅಡಿ. ದಾನೇಶ್ವರಿ ಟೇಪು ಹಿಡಿದು ಅಳೆದಳು, ಬರೆದುಕೊಂಡಳು, ಹಲ್ಲು ಕಚ್ಚಿದಳು.

ಹೋದ ತಿಂಗಳು ಆ ಆರು ಅಡಿ ತೆವಳಲಾರದೆ ಎಪ್ಪತ್ತಾರರ ಮುದುಕಿ ಬೆಳಗಿನಿಂದ ಮಧ್ಯಾಹ್ನದವರೆಗೆ ಒದ್ದೆ ಕಲ್ಲಿನ ಮೇಲೆ ಬಿದ್ದಿದ್ದಳು, ಸೊಂಟದ ಚಪ್ಪೆ ಮೂಳೆ ಮುರಿದುಕೊಂಡು. ಮಗ ಸೋಮನಿಂಗ ಕುರಿ ಹಿಂಡಿನೊಂದಿಗೆ ನಿಡಗುಂದಿ ಕಡೆ ಹೋಗಿದ್ದ. ಕೆಂಪು ಬಟನ್ ಟ್ರಂಕಿನಲ್ಲಿತ್ತು. ಹೊಸ ಕುಪ್ಪಸದ ಖಣದಲ್ಲಿ ಸುತ್ತಿ, ಬೀಗ ಹಾಕಿ.

ಕೊರಳಲ್ಲಿ ಹಾಕಿಕೊಳ್ಳುವ ಬಟನ್ ಅದು. ಬಿದ್ದಾಗ ಒತ್ತಿದರೆ ಗೋಡೆಯ ಪೆಟ್ಟಿಗೆಯಿಂದ ನೆರೆಯ ಎರಡು ಮನೆಗಳಿಗೂ ಇಂಡಿ ಪಟ್ಟಣದ ಸಹಾಯ ಕೇಂದ್ರಕ್ಕೂ ಕರೆ ಹೋಗುತ್ತದೆ. ವಯಸ್ಸಾದವರು ತಮ್ಮ ಮನೆಯಲ್ಲೇ ಯಾರ ಹಂಗಿಲ್ಲದೆ ಇರಬಲ್ಲರೇ ಎಂಬ ಸಮೀಕ್ಷೆಗಾಗಿ ಹೊರ್ತಿಯಲ್ಲಿ ಮೂವತ್ತೊಂದು ಮಂದಿಗೆ ಕೊಟ್ಟು ಎರಡು ತಿಂಗಳಾಗಿತ್ತು. ಈವರೆಗೆ ಬಂದ ಕರೆ ಸೊನ್ನೆ. ಮುಖ್ಯ ಕಚೇರಿ ಅಭಿನಂದನೆ ಕಳಿಸಿತ್ತು: ಯಾರೂ ಬಿದ್ದಿಲ್ಲ!

ಭೌತಶಾಸ್ತ್ರ ಓದಿದ ದಾನೇಶ್ವರಿಗೆ ಸೊನ್ನೆಯ ಮೇಲೆ ಗುಮಾನಿ. ಎರಡನೆಯ ಸುತ್ತಿಗೆ ಬಂದವಳು ಬೆಳಗಿನಿಂದ ಮನೆ ಮನೆ ತಿರುಗಿ ತಾನೇ ಎಣಿಸಿದ್ದಳು. ಬಿದ್ದವರು ಏಳು ಮಂದಿ. ಬಟನ್ ಕೊರಳಲ್ಲಿದ್ದವರು ಒಬ್ಬರೂ ಇಲ್ಲ.

ಭೀಮಶ್ಯಾ ಜೋಳದ ಚೀಲದೊಳಗೆ ಕೈ ಹಾಕಿ ತೆಗೆದು ತೋರಿಸಿದ್ದ. ಸಾವಂತ್ರವ್ವನದು ದೇವರ ಜಗಲಿಯ ಮೇಲಿತ್ತು.

"ಕುಂಕುಮಾ ಹಚ್ಚೇನಿ ನೋಡ್ರಿ ಅಕ್ಕೋರ. ಒಂದ್ ಗೀರು ಬಿದ್ದಿಲ್ಲ," ಎಂದಿದ್ದಳು ಸಾವಂತ್ರವ್ವ, ಪರೀಕ್ಷೆಯಲ್ಲಿ ಪಾಸಾದ ಹುಡುಗಿಯಂತೆ ದಾನೇಶ್ವರಿಯ ಮುಖ ನೋಡುತ್ತ.

"ಇದು ದೇವ್ರಲ್ಲವ್ವಾ! ಕೊಳ್ಳಾಗಿರಬೇಕು!"

ಸಾವಂತ್ರವ್ವನ ನಗು ಇಂಗಿತ್ತು. "ಈಗ ಹಂಗಂತೀರಿ?" ಎಂದು ಗೊಣಗಿ, ಬಟನ್ ಮೇಲಿನ ಕುಂಕುಮವನ್ನು ಸೆರಗಿನಿಂದ ಒರೆಸಿದ್ದಳು.

ಎಲ್ಲರದೂ ಒಂದೇ ಮಾತು. ಕೊಡಲು ಬಂದವರು "ಜ್ವಾಕಿ ಇಡ್ರಿ" ಎಂದು, ಜೋಪಾನವಾಗಿ ಎತ್ತಿಡಲು ಹೇಳಿದ್ದರು.

ಕೊಡಲು ಬಂದವನು ಪರಶು. ನಲವತ್ತು ದಾಟಿದ ವೈರಿಂಗ್ ಕೆಲಸದವ, ಇದೇ ಊರಿನವ. ದಾನೇಶ್ವರಿ ನಲವತ್ತೆರಡು ಪ್ರಶ್ನೆ ಕೇಳಿ ಫಾರ್ಮು ತುಂಬುವಷ್ಟರಲ್ಲಿ ಅವನು ಗೋಡೆಗೆ ಪೆಟ್ಟಿಗೆ ಬಡಿದು, ಬಟನ್ ಕೊಟ್ಟು, ಬಳಸುವ ರೀತಿ ಹೇಳಬೇಕು. ಅಷ್ಟೇ ಅವನ ಕೆಲಸ. ಅಷ್ಟನ್ನೂ ಕೆಡಿಸಿದ್ದ. ಹೊರ್ತಿಗೆ ಬರುವ ಮೊದಲೇ ಮುದ್ದೇಬಿಹಾಳದಲ್ಲಿ ಹನ್ನೊಂದು ಬಟನ್ ಕಳೆದುಹೋಗಿ ಅವಳು ಮೂರು ಪುಟ ವಿವರಣೆ ಬರೆದುಕೊಟ್ಟಿದ್ದಳು. ಇನ್ನೊಬ್ಬರ ಬೇಜವಾಬ್ದಾರಿಗೆ ಮತ್ತೆ ತಲೆ ತಗ್ಗಿಸಲು ಅವಳು ತಯಾರಿರಲಿಲ್ಲ. ಅವನನ್ನು ಕೆಲಸದಿಂದ ತೆಗೆಯುವಂತೆ ಬರೆದ ಪತ್ರ ಬ್ಯಾಗಿನಲ್ಲಿತ್ತು.

"ಇಲ್ಲಿ ಬಾ," ಎಂದಳು. ಬಾಗಿಲಲ್ಲಿ ನಿಂತಿದ್ದ ಪರಶು ಒಳಗೆ ಬಂದ. ಅವಳು ಮಂಚದ ಮೇಲಿನ ರೇವವ್ವನತ್ತ ಕೈ ತೋರಿಸಿದಳು. "ಆಯೀನ ನೋಡು. ಛಂದಂಗಿ ನೋಡು. ಚಪ್ಯಾಗ ಕಬ್ಬಿಣ ಹಾಕ್ಯಾರ. ಇನ್ನ ಕೋಲಿಲ್ಲದ ಬಾಗಲಾ ದಾಟಂಗಿಲ್ಲ. ನಿನ್ನ ಒಂದ್ ಮಾತಿಗೆ!"

"ನಾ ಹೇಳಿಲ್ರಿ ಮೇಡಮ್."

"ಹಂಗಾರ ಯಾರು, ಗ್ವಾಡಿ ಹೇಳ್ತೇನು?"

ಪರಶು ನೆಲ ನೋಡಿದ. "ಎಲ್ಲಾ ರೆಕಾರ್ಡ್ ಮಾಡ್ತೀರೆಲ್ರಿ. ಒಮ್ಮಿ ಕೇಳ್ರಿ."

ಸೊಕ್ಕು ನೋಡು ಎಂದುಕೊಂಡಳು. ಹೌದು, ಪ್ರತಿ ಸಂದರ್ಶನವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದು ಅವಳೇ ಹಾಕಿಕೊಂಡ ನಿಯಮ. ಇನ್ಯಾರೂ ಮಾಡುತ್ತಿರಲಿಲ್ಲ.

ಮಂಚದ ಕಡೆ ತಿರುಗಿದಳು. "ಆಯೀ, ಅಂಜಬ್ಯಾಡ್ರಿ. ಯಾರು ಹೇಳಿದ್ರು?"

ರೇವವ್ವ ಮಾಡು ನೋಡುತ್ತ ಮಲಗಿದ್ದಳು. "ಬಿಡ್ರಿ ಅಕ್ಕೋರ. ಛಲೋದಕ್ಕ ಹೇಳ್ಯಾರ."

"ಛಲೋದಕ್ಕ? ಚಪ್ಪಿ ಮುರೀತು!"

"ಮುರಿದದ್ದು ನಂದು. ಮನಿಗಿ ಬಂದವ್ರ ಮ್ಯಾಲ ಯಾಕ ಹಾಕೂದು? ಆ ಪರಶೂಗ ಬೈಬ್ಯಾಡ್ರಿ. ನಾ ಬಿದ್ದಾಗ ಬಾಗಲಾ ಮುರದು ಎತ್ತಿದಾಂವ ಅಂವನ."

ಒಂದೇ ಊರವರು, ಒಬ್ಬರನ್ನೊಬ್ಬರು ಮುಚ್ಚಿಕೊಳ್ಳುತ್ತಾರೆ. ದಾನೇಶ್ವರಿಯ ಕಿವಿ ಬಿಸಿಯಾಯಿತು. ಕಲ್ಲಿನ ಮೇಲೆ ಬಿದ್ದವಳಿಗೇ ಸಿಟ್ಟಿಲ್ಲ! ಹಾಗಾದರೆ ಆ ಸಿಟ್ಟನ್ನೂ ತಾನೇ ಹೊರಬೇಕು. ಪತ್ರ ತೆಗೆದು ಟ್ರಂಕಿನ ಮೇಲಿಟ್ಟು ಸಹಿ ಹಾಕಿದಳು, ಪೆನ್ನಿನ ಮೊನೆ ಕಾಗದ ಹರಿಯುವಷ್ಟು ಒತ್ತಿ.

"ಸಾಕ್ಷಿ ಬೇಕಂದೆಲ್ಲಾ? ತಗೋ. ಇವತ್ತ ಪತ್ರದ ಜೋಡಿ ಇದನ್ನೂ ಕಳಸ್ತೇನಿ."

ಮೊಬೈಲಿನಲ್ಲಿ ಎರಡು ತಿಂಗಳ ಹಿಂದಿನ ಫೈಲು ಹುಡುಕಿದಳು. ರೇವವ್ವ, ಹೊರ್ತಿ, ಇಪ್ಪತ್ತಾರನೆಯ ಮನೆ. ಕೊನೆಯ ನಿಮಿಷಗಳಿಗೆ ಸರಿಸಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

ಡ್ರಿಲ್ಲಿನ ಸದ್ದು. ಕುರಿಮರಿಯ ಕೂಗು. ನಂತರ ಪರಶುವಿನ ಧ್ವನಿ.

"ಆಯೀ, ಇದನ್ನ ಕೊಳ್ಳಾಗಿಂದ ತಗೀಲೇಬ್ಯಾಡ್ರಿ. ಜಳಕಾ ಮಾಡೂಮುಂದೂ ಇರಲಿ. ನೀರು ಬಿದ್ರ ಏನೂ ಆಗಂಗಿಲ್ಲ."

ದಾನೇಶ್ವರಿಯ ಹೆಬ್ಬೆರಳು ಪರದೆಯ ಮೇಲೆ ನಿಂತಿತು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಪರಶು, ಹೊತ್ತಾತು, ಹೋಗಿ ಗಾಡಿ ತಿರುಗಸು," ಎಂದಿತು ಒಂದು ಹೆಣ್ಣಿನ ಧ್ವನಿ. ಹೆಜ್ಜೆಗಳು ಹೊರಗೆ ಹೋದವು. ನಲವತ್ತೆರಡು ಪ್ರಶ್ನೆಗಳ ಫಾರ್ಮು ಮಡಚಿದ ಸದ್ದು. ಆಮೇಲೆ ಅದೇ ಧ್ವನಿ, ಅವಸರದಲ್ಲಿ, ಅಕ್ಕರೆಯಿಂದ:

"ಆಯೀ, ಅಂವ ಹಂಗ ಹೇಳ್ತಾನ. ಭಾಳ ತುಟ್ಟಿ ಸಾಮಾನು ಇದು, ಹಾಕ್ಕೊಂಡು ತಿರಗಿ ಕಳಕೋಬ್ಯಾಡ್ರಿ. ಜ್ವಾಕಿ ಇಡ್ರಿ. ಮುಂದಿನ ಸಲ ನಾನ ಬಂದು ನೋಡ್ತೇನಿ."