ಇನ್ನೊಂದು ಗಂಟೆ ಕಾಯಬೇಕು

ಬಸ್ಸಿನ ಡ್ರೈವರು ಮೂತ್ರದ ಡಬ್ಬಿಯನ್ನು ಕಂಠಪೂರ್ತಿ ತುಂಬಿಸಿ, ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ತಂದು ನರ್ಸಿನ ಮುಂದಿಟ್ಟ. ಇಂಥ ಪರೀಕ್ಷೆಗಳಲ್ಲಿ ಅವನದು ಪಳಗಿದ ಕೈ. ದಿನವಿಡೀ ಸ್ಟೀರಿಂಗ್ ಹಿಂದೆ ತಡೆದುಕೊಂಡು ಕೂತು ಕೂತು ಕಿಡ್ನಿಯಲ್ಲಿ ಕಲ್ಲು ಮಾಡಿಕೊಂಡವನು ಎಷ್ಟು ಡಬ್ಬಿ ತುಂಬಿಸಿದ್ದನೋ ಅವನಿಗೇ ನೆನಪಿರಲಿಲ್ಲ.

“ಮೊದಲು ಬಂದದ್ದನ್ನ ಬಿಟ್ಟು ನಡುವಿನದನ್ನೇ ಹಿಡಿದಿದೀನಿ ಸಿಸ್ಟರ್,” ಅಂದ, ಯಾರೂ ಕೇಳದಿದ್ದರೂ.

ನರ್ಸು ಒಳಗೆ ಹೋಗಿ ಅದನ್ನು ಚೆಲ್ಲಿ ಬಂದಳು. ಕಲ್ಲಿಗೆ, ಉರಿಮೂತ್ರಕ್ಕೆ ನಡುವಿನದು ಸರಿ. ಈ ಸೋಂಕಿಗೆ ಮೊದಲು ಬರುವುದೇ ಬೇಕು, ಕ್ರಿಮಿ ಇದ್ದರೆ ಅದರಲ್ಲೇ ಸಿಗುವುದು ಎಂದು ಬಿಡಿಸಿ ಹೇಳಿದಳು. ಇನ್ನೊಂದು ಗಂಟೆ ತಡೆದುಕೊಂಡಿದ್ದು ಮತ್ತೆ ಕೊಡಬೇಕಂತೆ. ತಡೆದುಕೊಳ್ಳುವುದೇ ತನ್ನ ಕಸುಬು ಎಂದು ಡ್ರೈವರು ನಕ್ಕ. ನರ್ಸು ನಗಲಿಲ್ಲ, ಹೊಸ ಡಬ್ಬಿ ಕೊಟ್ಟಳು.

ಗೋಡೆಯ ಪಕ್ಕದ ಬೆಂಚಿನಲ್ಲಿ ಅವನ ಹೆಂಡತಿ ಕೂತಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೋದ ವಾರ ಇದೇ ಕೋಣೆಯಲ್ಲಿ ಅವಳಿಗೆ ಸೋಂಕಿದೆ ಎಂದು ಗೊತ್ತಾಗಿತ್ತು. ಗಂಡ ಹೆಂಡಿರ ನಡುವೆ ಹರಡುವಂಥದ್ದು, ಯಜಮಾನರನ್ನೂ ಕರೆದುಕೊಂಡು ಬನ್ನಿ ಎಂದಿದ್ದಳು ನರ್ಸು. ಗಂಡನನ್ನು ಬಿಟ್ಟು ಬೇರೆ ಯಾರ ಹತ್ತಿರವೂ ಸುಳಿಯದವಳಿಗೆ ಅದು ಎಲ್ಲಿಂದ ಬಂತೆಂದು ತಿಳಿಯಲು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಆದರೆ ನರ್ಸು ಇನ್ನೊಂದು ಮಾತನ್ನೂ ಹೇಳಿದ್ದಳು: ಕೆಲವು ಗಂಡಸರಲ್ಲಿ ಇದು ಸದ್ದಿಲ್ಲದೆ ತಿಂಗಳುಗಟ್ಟಲೆ ಇದ್ದುಬಿಡುತ್ತದೆ. ಆ ಒಂದು ಮಾತನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮದುವೆಗೆ ಮುಂಚಿನದಾದರೆ ನುಂಗಿಕೊಳ್ಳಬಹುದು. ತಾನು ಬರುವ ಮೊದಲು ಅವನು ಎಲ್ಲಿ ತಿರುಗಿದ್ದರೆ ತನಗೇನು? ನಿನ್ನೆ ರಾತ್ರಿ ಅವನಿಗೂ ಹಾಗೆಯೇ ಹೇಳಿದ್ದಳು. ಅವನು “ಇದ್ರೂ ಇರಬಹುದು” ಎಂದು ಮಗ್ಗುಲು ಬದಲಿಸಿ ಮಲಗಿದ್ದ. ಅಷ್ಟು ಹೇಳಿದನಲ್ಲ, ಸಾಕು ಎಂದುಕೊಂಡು ಆ ವಾರದಲ್ಲಿ ಮೊದಲ ಸಲ ಅವಳೂ ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದಳು.

ಈಗ ಡ್ರೈವರು ಅವಳ ಪಕ್ಕ ಕಾಲು ಕುಣಿಸುತ್ತ ಕೂತ. ಬೆಂಚೆಲ್ಲ ಅಲುಗಾಡುತ್ತಿತ್ತು, ಅವಳು ಒಮ್ಮೆ ಅವನ ಮಂಡಿಯ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಸ್ವಲ್ಪ ಹೊತ್ತು ಗೋಡೆಗೆ ಅಂಟಿಸಿದ್ದ ಚಿತ್ರಗಳನ್ನು ನೋಡಿದ, ಎರಡು ಸಲ ಚಪ್ಪಲಿ ಬಿಟ್ಟು ಮತ್ತೆ ಹಾಕಿಕೊಂಡ. ಕೊನೆಗೆ ಎದ್ದು ನರ್ಸಿನ ಮೇಜಿನ ಹತ್ತಿರ ಹೋಗಿ ದನಿ ತಗ್ಗಿಸಿದ. ಚಿಕ್ಕ ಕೋಣೆ, ತಗ್ಗಿಸಿದ ದನಿಯೂ ಬೆಂಚಿನವರೆಗೆ ಬಂತು.

“ಸಿಸ್ಟರ್, ಇದ್ರಲ್ಲಿ ಎಷ್ಟು ದಿನದ ಹಿಂದೆ ಬಂದಿದ್ದು ಅಂತಾನೂ ಗೊತ್ತಾಗುತ್ತಾ?”

“ಇಲ್ಲ. ಇದೆಯೋ ಇಲ್ವೋ, ಅಷ್ಟೇ.”

ವಾರದಿಂದ ಊಟ ಸೇರದವನ ಮುಖಕ್ಕೆ ಕಳೆ ಬಂತು. ಬೆಂಚಿಗೆ ವಾಪಸು ಬಂದವನು ಹೆಂಡತಿಗೆ ಒತ್ತಿಕೊಂಡೇ ಕೂತು, ಅವಳ ಕೈ ಹಿಡಿದ. ಇಬ್ಬರೂ ಮಾತ್ರೆ ನುಂಗಿದರೆ ಆಯಿತು, ಯಾವ ಕಾಲದ್ದೋ ಏನೋ, ಮದುವೆಗೆ ಮುಂಚಿನದನ್ನು ಈಗ ಕೆದಕಿ ಏನು ಬಂತು ಎಂದು ಸಮಾಧಾನ ಹೇಳತೊಡಗಿದ.

ಅವಳು ಕೈ ಬಿಡಿಸಿಕೊಂಡಳು. ಅಳು ಬರಬಹುದೆಂದು ಒಂದು ಗಳಿಗೆ ಕಾದಳು, ಬರಲಿಲ್ಲ.

“ಅದು ನಿಜವಾಗ್ಲೂ ಹಳೇದೇ ಆಗಿದ್ರೆ,” ಅಂದಳು, “ಎಷ್ಟು ದಿನದ್ದು ಅಂತ ಗೊತ್ತಾಗಲ್ಲ ಅಂದಾಗ ನೀವು ಪೇಚಾಡ್ತಿದ್ರಿ ಕಣ್ರೀ.”