ಡೆಮೊ ದಿನ ಸುಟ್ಟುಹೋದ ಡ್ರೈವ್

ಹುಬ್ಬಳ್ಳಿಯಲ್ಲೊಂದು ಕಂಪನಿ. ಕಾರ್ಖಾನೆಯ ಇಂಡಕ್ಷನ್ ಮೋಟರ್‌ಗಳ ವೇಗ ಏರಿಸಿ ಇಳಿಸುವ ‘ಡ್ರೈವ್’ ತಯಾರಿಸುವುದು ಅವರ ಕೆಲಸ.

ಅಲ್ಲಿ ಗುರುಸಿದ್ಧನೇ ಎಲ್ಲರಿಗಿಂತ ಹಿರಿಯ ಎಂಜಿನಿಯರ್. ಹೊಸ ಡ್ರೈವ್ ಯಾವುದೇ ಇರಲಿ, ಡಿಸೈನ್ ಅವನದೇ...

ಆ ವರ್ಷ ಮಾತ್ರ ಎಂ.ಡಿ. ಆರಿಸಿದ್ದು ಸುಮಂಗಲಾಳ ಡಿಸೈನ್. ಅವನ ಕೈಕೆಳಗೇ ಕೆಲಸ ಕಲಿತ ಹುಡುಗಿ!

ಆಫೀಸಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಚಪ್ಪಾಳೆಗಳ ಸುರಿಮಳೆ. ಗುರುಸಿದ್ಧ ‘ಕಂಗ್ರಾಟ್ಸ್’ ಎಂದು ಟೈಪ್ ಮಾಡಿದ... ಅಳಿಸಿದ.

ಕ್ಯಾಂಟೀನಿನಲ್ಲಿ ಅವಳು ನಕ್ಕರೆ ತನ್ನನ್ನೇ ನೋಡಿ ನಕ್ಕಂತೆ ಅನಿಸುತ್ತಿತ್ತು. ಯಾರಾದರೂ ಅವಳನ್ನು ಹೊಗಳಿದರೆ ಊಟ ಅರ್ಧಕ್ಕೇ ಬಿಟ್ಟು ಎದ್ದುಬಿಡುತ್ತಿದ್ದ...

ಒಂದು ದಿನ ಅವಳೇ ತನ್ನ ಹೊಸ ಡ್ರೈವ್‌ನ ಸರ್ಕ್ಯೂಟ್ ಬೋರ್ಡ್ ಹಿಡಿದು ಬಂದಳು.

“ಸರ, ಒಮ್ಮೆ ನೀವು ಟೆಸ್ಟ್ ಮಾಡ್ರಿ. ನೀವು ಹೂಂ ಅಂದ್ರ ನನಗ ಧೈರ್ಯ.”

ಬೋರ್ಡ್ ಬಿಸಿಯಾಗುತ್ತಿದ್ದಂತೆ ತಪ್ಪು ಅವನ ಕಣ್ಣಿಗೆ ಬಿತ್ತು. ಮೇಲಿನ ಸ್ವಿಚ್ ಪೂರ್ತಿ ಆಫ್ ಆಗುವ ಮೊದಲೇ ಕೆಳಗಿನದು ಆನ್ ಆಗುತ್ತಿತ್ತು. ಪೂರ್ತಿ ಲೋಡ್ ಬಿದ್ದರೆ ಶಾರ್ಟ್ ಆಗಿ ಡ್ರೈವ್ ಸುಟ್ಟುಹೋಗುವುದು ಖಂಡಿತ!

ಒಂದು ಮಾತು ಹೇಳಿದ್ದರೆ ಸಾಕಿತ್ತು...

“ಛಲೋ ಐತಿ,” ಎಂದ.

ಡೆಮೊ ದಿನ ಬಂತು. ಡ್ರೈವ್ ಕೊಳ್ಳಲು ಬಂದಿದ್ದ ಹತ್ತಿ ಮಿಲ್ಲಿನ ಮಾಲೀಕರು ಎದುರಿಗೇ ಕುಳಿತಿದ್ದರು. ಮೋಟರ್ ವೇಗ ಏರಿತು... ಏರಿತು... ಢಂ!

ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಹೊಗೆ ಆರುವ ಮೊದಲೇ ಮಾಲೀಕರು ಎದ್ದು ಹೋದರು.

“ಟೆಸ್ಟ್ ಮಾಡಿದವರು ಯಾರು?” ಎಂ.ಡಿ. ಗುಡುಗಿದರು.

ಗುರುಸಿದ್ಧ ಒಂದು ಹೆಜ್ಜೆ ಹಿಂದೆ ಸರಿದ.

“ತಪ್ಪು ನಂದ ಸರ. ಗುರುಸಿದ್ಧ ಸರಗೆ ಟೆಸ್ಟ್ ಮಾಡಾಕ ನಾನ ಟೈಮ್ ಕೊಡಲಿಲ್ಲ,” ಎಂದಳು ಸುಮಂಗಲಾ.

ಹೊರಗೆ ಬಂದ ಮೇಲೆ ಅವನು ಕೇಳಿದ, “ಯಾಕ ಸುಳ್ಳ ಹೇಳಿದಿ?”

“ನಾ ಟ್ರೇನಿ ಇದ್ದಾಗ ಒಂದು ಡ್ರೈವ್ ಸುಟ್ಟಿದ್ದೆ. ಅವತ್ತ ನೀವು ಎಂ.ಡಿ. ಮುಂದ ನನ್ನ ಹೆಸರ ಹೇಳಲಿಲ್ಲಲ್ರಿ ಸರ... ಹೇಳಿದ್ರ ನಾ ಇವತ್ತ ಇಲ್ಲಿ ಇರತಿದ್ನೇನ್ರಿ?”

ಅವನಿಗೆ ಅದು ಮರೆತೇ ಹೋಗಿತ್ತು. ಕಣ್ಣು ತುಂಬಿ ಬಂತು.

“ತಪ್ಪು ನನಗ ಕಂಡಿತ್ತವಾ... ಕಂಡೂ ಸುಮ್ಮನಿದ್ದೆ. ಹೊಟ್ಟಿಕಿಚ್ಚು...”

ಅವಳ ಮುಖ ಬಿಳಿಚಿತು. ತಿರುಗಿ ಹೊರಟುಹೋದಳು.

ಗುರುಸಿದ್ಧ ನೇರ ಎಂ.ಡಿ. ಕೋಣೆಗೆ ಹೋಗಿ ನಡೆದದ್ದೆಲ್ಲ ಹೇಳಿದ. ಹಿರಿಯ ಹುದ್ದೆ ಹೋಯಿತು. ಕೆಲಸವೊಂದೇ ಉಳಿಯಿತು... ಸುಮಂಗಲಾಳ ಕೈಕೆಳಗೆ!

ಎಷ್ಟೋ ದಿನ ಅವಳು ಅವನ ಮುಖ ನೋಡಲಿಲ್ಲ.

ಆಮೇಲೊಂದು ಬೆಳಿಗ್ಗೆ ಹೊಸ ಬೋರ್ಡ್ ತಂದು ಅವನ ಮೇಜಿನ ಮೇಲಿಟ್ಟಳು. ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕುಳಿತಳು.

“ಟೆಸ್ಟ್ ಮಾಡ್ರಿ ಸರ. ಈ ಸಲ ನಾನೂ ಕೂತು ನೋಡ್ತೀನಿ.”

*ಇನ್ನೊಬ್ಬರ ತಪ್ಪು ಕಂಡರೂ ಬಾಯಿ ಮುಚ್ಚಿಸುವ ಹೊಟ್ಟೆಕಿಚ್ಚು, ಕೊನೆಗೆ ನಮ್ಮ ಯೋಗ್ಯತೆಯನ್ನೇ ಸುಡುತ್ತದೆ.*

ನಿಮ್ಮ ಒಂದೇ ಒಂದು ಮಾತಿನಿಂದ ಉಳಿಯಬಹುದಾಗಿದ್ದ ಯಾರನ್ನಾದರೂ, ನೀವು ಸುಮ್ಮನಿದ್ದು ಬೀಳಿಸಿದ್ದುಂಟಾ...?