ಷರಾ ಖಾನೆ

ಪ್ರೋಗ್ರಾಂನ ಬದಲಾವಣೆಗೆ ವಿವರ ಕೇಳುವ, ಪರದೆಯ ಮೇಲಿನ ಚೌಕದಲ್ಲಿ ‘ಸಣ್ಣ ಸುಧಾರಣೆ’ ಎಂದು ಬರೆದು, ರಸಾಯನಶಾಸ್ತ್ರದ ಉಪನ್ಯಾಸಕಿ ಮರಿಲಿಂಗಮ್ಮ ಬೆರಳು ತಡೆದಳು. ಅಣುವಿನ ಸುತ್ತ ಸಾವಿರಾರು ಚುಕ್ಕಿಗಳನ್ನಿಟ್ಟು ಎಲೆಕ್ಟ್ರಾನ್‌ಗಳ ಮೊತ್ತ ತೆಗೆಯುವ ಅವಳ ಪ್ರೋಗ್ರಾಂ ಎಲ್ಲರಿಗೂ ಉಚಿತ. ಅದರ ಪ್ರತಿ ಸಾಲನ್ನೂ ಯಾರು ಬೇಕಾದರೂ ಓದಬಹುದಿತ್ತು, ಯಾರೂ ಓದಿರಲಿಲ್ಲ. ನೀರಿನ ಅಣುವಿಗೆ ಹತ್ತು ಎಲೆಕ್ಟ್ರಾನ್ ಬರಬೇಕಾದಲ್ಲಿ ಎರಡು ವರ್ಷದಿಂದ ತುಸು ಕಡಿಮೆ ಬರುತ್ತಿತ್ತು. ಅದನ್ನೇ ನಂಬಿ ಎಷ್ಟೋ ಜನ ಪ್ರಬಂಧ ಬರೆದಿದ್ದರು.

“ಲೆಕ್ಕ ಲಗೂ ಮುಗೀಲಿ ಅಂತ ಅಂಚಿನ ಚುಕ್ಕಿ ನಾನೇ ತಗದಿದ್ದೆ, ಅಪ್ಪಾ. ಈಗ ಯಾರಿಗೂ ಹೇಳದ ಸುಮ್ಮನ ಸರಿ ಮಾಡಾಕತ್ತೇನಿ,” ಎಂದಳು.

ಹುಣಸಗಿ ಕಡೆಯ ಕಾಲುವೆಯಲ್ಲಿ ನೀರು ಅಳೆದು ನಿವೃತ್ತನಾದ ಅವಳ ಅಪ್ಪ ಹುಲಗಪ್ಪ ಪರದೆಯತ್ತ ಬಾಗಿದ. “ನಾನೂ ಅಂಚು ಬಿಡ್ತಿದ್ದೆನವ್ವ. ಕಾಲುವಿ ದಂಡಿಗೆ ಕೆಸರಿತ್ತು, ಅಳೀಲಿಕ್ಕೆ ಇಳೀಲಿಲ್ಲ. ನಡುವಿನ ಆಳಾನೇ ದಂಡಿಗೂ ಬರ್ದೆ. ಪುಸ್ತಕದಾಗ ನೀರು ತುಂಬಿ ಹರೀತು, ಕೊನೀ ಹೊಲಕ್ಕ ಮುಟ್ಟಲಿಲ್ಲ.” ಊರುಗೋಲನ್ನು ಆಳ ನೋಡುವವನಂತೆ ನೆಲಕ್ಕೆ ಒತ್ತಿದ. “ಪ್ರತಿ ಹಾಳಿಗೂ ಷರಾ ಅಂತ ಒಂದು ಖಾನೆ ಇತ್ತು, ಏನರ ಹೆಚ್ಚುಕಮ್ಮಿ ಆದ್ರ ಬರೀಲಿಕ್ಕೆ. ಹದಿನೆಂಟು ವರ್ಷ ಖಾಲಿ ಬಿಟ್ಟೆ.”

ಮರಿಲಿಂಗಮ್ಮ ‘ಸಣ್ಣ ಸುಧಾರಣೆ’ಯನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. ಖಾಲಿಯಾದ ಚೌಕದಲ್ಲಿ ‘ತಪ್ಪು’ ಎಂದು ಬರೆದು, ಅದರ ಮುಂದೆ ತನ್ನ ಪೂರ್ತಿ ಹೆಸರು ಬರೆದಳು.